ಏಳು ವರ್ಷದ ಮೊಮ್ಮಗಳಿಗೂ ಸ್ಟ್ರೋಲರ್ ಬೇಕು: ಡಿಸ್ನಿಗೆ ಹೊರಟ ಅಜ್ಜ-ಅಜ್ಜಿಯರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಅಜ್ಜ-ಅಜ್ಜಿಯರಿಗೆ,

ಮಗನ ಮನೆ, ಮಗಳ ಮನೆ ಎಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಿಂದ ಆರು ತಿಂಗಳಿಗೆಂದು ಅಮೆರಿಕಕ್ಕೆ ಬಂದಿದ್ದೀರಿ. ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿದೆ. ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋಗುವ ಮಾತು ಮನೆಯಲ್ಲಿ ಈಗಾಗಲೇ ನಡೆದಿರುತ್ತದೆ. ನಾನು ಅಟ್ಲಾಂಟಾದ ಹೊರವಲಯದಲ್ಲಿರುವವಳು. ಇಲ್ಲಿಂದ ಒರ್ಲ್ಯಾಂಡೊ ಕಾರಿನಲ್ಲಿ ಆರೇಳು ಗಂಟೆಯ ದಾರಿ. ಹಾಗಾಗಿ ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಮನೆಗೆ ಮತ್ತೆ ಮತ್ತೆ ಬರುತ್ತದೆ.

ಈ ಪತ್ರ ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಹೊರಡುವ ಹಿಂದಿನ ದಿನ ನಿಮ್ಮ ಮಗಳೋ ಸೊಸೆಯೋ ಗ್ಯಾರೇಜಿನಿಂದ ಹಳೆಯ ಸ್ಟ್ರೋಲರ್ ಹೊರಗೆ ತೆಗೆದು ಧೂಳು ಒರೆಸುತ್ತಿರುತ್ತಾಳೆ. ನೀವು ನೋಡುತ್ತೀರಿ. "ಏಳು ವರ್ಷ ಆಯ್ತಲ್ಲಮ್ಮ, ಇನ್ನೂ ಇವಳಿಗೆ ಪ್ರಾಮ್ ಯಾಕೆ?" ಎನ್ನುತ್ತೀರಿ. ಕೆಟ್ಟ ಮನಸ್ಸಿನಿಂದ ಹೇಳುವ ಮಾತಲ್ಲ ಅದು, ನನಗೆ ಗೊತ್ತು. ಆದರೂ ಈ ಸಲ ಆ ಮಾತು ಬೇಡ. ಮಗುವಿನ ಎದುರಿಗಂತೂ ಬೇಡವೇ ಬೇಡ. ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ದೊಡ್ಡವರು, ಓದಿ ವಿಚಾರ ಮಾಡಿ.

ಮೊದಲು ಜಾಗದ ಅಳತೆ. ವಂಡರ್‌ಲಾ ನೋಡಿ ಬಂದವರು ಡಿಸ್ನಿಯನ್ನೂ ಅದೇ ಲೆಕ್ಕದಲ್ಲಿ ಊಹಿಸಿಕೊಂಡಿರುತ್ತಾರೆ. ಮೈಸೂರು ರಸ್ತೆಯ ವಂಡರ್‌ಲಾ ಹೆಚ್ಚುಕಡಿಮೆ 80 ಎಕರೆ. 1971ರ ಅಕ್ಟೋಬರಿನಲ್ಲಿ ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು 25,000 ಎಕರೆ. ಅದರೊಳಗೆ ಬೇರೆ ಬೇರೆಯಾಗಿ ನಾಲ್ಕು ಪಾರ್ಕುಗಳಿವೆ. ಕೋಟೆಯ ಚಿತ್ರ ನೋಡಿದ್ದೀರಲ್ಲ, ಅದು ಇರುವುದು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ. ಆಮೇಲೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಹಾಲಿವುಡ್ ಸ್ಟುಡಿಯೋಸ್, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಬಂದವು. ದಿನಕ್ಕೆ ಒಂದು ಪಾರ್ಕ್ ಎಂದು ಇಟ್ಟುಕೊಂಡರೂ ನಡಿಗೆ ಕಡಿಮೆಯಾಗುವುದಿಲ್ಲ.

ಮ್ಯಾಜಿಕ್ ಕಿಂಗ್‌ಡಮ್‌ನ ದಾರಿಯನ್ನೇ ನೋಡಿ. ಕಾರು ನಿಲ್ಲಿಸಿದ ಜಾಗದಿಂದ ಟ್ರ್ಯಾಮ್ ಹಿಡಿದೋ ನಡೆದೋ ಟಿಕೆಟ್ ಕೇಂದ್ರಕ್ಕೆ ಬರಬೇಕು. ಅಲ್ಲಿ ಚೀಲಗಳ ತಪಾಸಣೆ. ಮುಂದೆ ಒಂದು ದೊಡ್ಡ ಕೆರೆ ಅಡ್ಡ ಬರುತ್ತದೆ. ಅದನ್ನು ಮಾನೋರೈಲಿನಲ್ಲಿ ಸುತ್ತಿಕೊಂಡು ಹೋಗಬೇಕು, ಇಲ್ಲವೇ ದೋಣಿಯಲ್ಲಿ ದಾಟಬೇಕು. ಎರಡಕ್ಕೂ ಸಾಲು. ಆಮೇಲೆ ಪಾರ್ಕಿನ ಗೇಟಿನಲ್ಲಿ ಇನ್ನೊಂದು ಸಾಲು. ಒಳಗೆ ಕಾಲಿಟ್ಟು ಮೇನ್ ಸ್ಟ್ರೀಟಿನ ತುದಿಯಲ್ಲಿ ಕೋಟೆ ಕಾಣುವಷ್ಟರಲ್ಲಿ ಮನೆ ಬಿಟ್ಟ ಉತ್ಸಾಹದಲ್ಲಿ ಕಾಲುಭಾಗ ಖರ್ಚಾಗಿರುತ್ತದೆ. ಆಟ ಇನ್ನೂ ಒಂದೂ ಆಗಿಲ್ಲ. ರಾತ್ರಿ ಬಾಣಬಿರುಸು ಮುಗಿದ ಮೇಲೆ ಇದೇ ದಾರಿಯಲ್ಲಿ, ಅಷ್ಟೂ ಜನ ಒಟ್ಟಿಗೆ ವಾಪಸು ಬರಬೇಕು.

ಎಪ್ಕಾಟಿನಲ್ಲಿ ಹನ್ನೊಂದು ದೇಶಗಳ ಹೆಸರಿನಲ್ಲಿ ಕಟ್ಟಿದ ಪೇಟೆಗಳು ಒಂದು ಕೆರೆಯ ಸುತ್ತ ಇವೆ. ಮೆಕ್ಸಿಕೋದಿಂದ ಶುರು ಮಾಡಿ ನಾರ್ವೆ, ಚೀನಾ, ಜಪಾನ್ ದಾಟಿ ಕೆನಡಾದಲ್ಲಿ ಮುಗಿಸಿದರೆ ಆ ಸುತ್ತು ಒಂದೇ ಹತ್ತಿರ ಹತ್ತಿರ 2 ಕಿಲೋಮೀಟರ್. ಅಂಗಡಿ ಒಳಗೆ ಹೊಕ್ಕು ಹೊರಟದ್ದು, ಬಾತ್‌ರೂಮು ಹುಡುಕಿದ್ದು, ಊಟದ ಟೇಬಲ್ಲಿಗೆ ಅಲೆದದ್ದು ಎಲ್ಲ ಲೆಕ್ಕಕ್ಕೆ ಹೊರಗೆ. ಬೆಳಗಿನಿಂದ ರಾತ್ರಿವರೆಗೆ ಇದ್ದವರು ಫೋನು ತೆಗೆದು ನೋಡಿದರೆ 10 ಕಿಲೋಮೀಟರ್ ದಾಟಿರುವುದು ಇಲ್ಲಿ ದಿನದ ಮಾತು. ನಿಮ್ಮ ಮಗ ಒಂದು ಹೆಜ್ಜೆ ಇಡುವ ಜಾಗಕ್ಕೆ ಆರೇಳು ವರ್ಷದ ಮಗು ಸುಮಾರು ಒಂದೂವರೆ ಹೆಜ್ಜೆ ಇಡಬೇಕು. ಅವಳ ಪಾಲಿಗೆ ಆ ದಾರಿ ನಮಗಿಂತ ಅಷ್ಟು ಉದ್ದ.

ಬಿಸಿಲಿನ ವಿಷಯ ಬೇರೆಯೇ. ನೀವು ಬರುವುದು ಊರಿನ ಬೇಸಿಗೆ ಮುಗಿಯುವ ಹೊತ್ತಿಗೆ. ಫ್ಲಾರಿಡಾದ ಬೇಸಿಗೆ ಆಗ ಶುರುವಾಗಿರುತ್ತದೆ. ಜೂನ್, ಜುಲೈನಲ್ಲಿ ಒರ್ಲ್ಯಾಂಡೊದ ಮಧ್ಯಾಹ್ನ 32-33 ಡಿಗ್ರಿ ಎಂದು ಫೋನು ತೋರಿಸುತ್ತದೆ. ಕಲಬುರಗಿಯವರಿಗೆ ಅದೇನು ಮಹಾ ಎನಿಸಬಹುದು. ಆದರೆ ಗಾಳಿಯಲ್ಲಿರುವ ತೇವ ಸೇರಿದರೆ ಮೈಗೆ ಅದು 38, 40 ಎಂದು ತಾಗುತ್ತದೆ. ಮಂಗಳೂರು, ಉಡುಪಿಯವರಿಗೆ ಈ ಧಗೆ ಗೊತ್ತು: ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಮಕ್ಕಳು ದೊಡ್ಡವರಷ್ಟು ಬೆವರುವುದಿಲ್ಲ, ಮೈ ಬೇಗ ಕಾಯುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಗುಡುಗು ಸಿಡಿಲಿನ ಮಳೆ ಬಂದು ಹೋಗುವುದೂ ಅಲ್ಲಿ ದಿನನಿತ್ಯದ ಸಂಗತಿ. ಆಗ ಹೊರಗಿನ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ. ಸ್ಟ್ರೋಲರಿಗೆ ಮೇಲೆ ಒಂದು ನೆರಳಿನ ಹೊದಿಕೆ ಇರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಬಹುದು. ಬಿಸಿಲು, ಮಳೆ ಎರಡರಿಂದಲೂ ಮಗುವಿಗೆ ಒಂದು ಮರೆ ಸಿಗುತ್ತದೆ.

ಇಷ್ಟು ಹೇಳಿದರೆ ಹಿರಿಯರು ಒಂದು ಮಾತು ಹೇಳುತ್ತಾರೆ. ನಮ್ಮ ಮಾವನವರೂ ಹೇಳುತ್ತಾರೆ: "ನಾವು ದಿನಾ ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆವು. ಹೊಳೆ ದಾಟಿಕೊಂಡು, ಬರಿಗಾಲಲ್ಲಿ." ನಿಜ. ಆ ನಡಿಗೆಯ ಮೇಲೆ ನನಗೆ ಗೌರವವಿದೆ. ಆದರೆ ಅದು ಹೇಗಿತ್ತು ಎಂದು ನೀವೇ ನೆನಪಿಸಿಕೊಳ್ಳಿ. ಬೆಳಗಿನ ತಂಪಿನಲ್ಲಿ ಹೊರಡುತ್ತಿದ್ದಿರಿ. ದಾರಿಯಲ್ಲಿ ಹುಣಸೆಮರ, ಮಾವಿನಮರ ಇದ್ದವು. ನಿಂತು, ಕಲ್ಲು ಹೊಡೆದು, ಕಾಯಿ ತಿಂದು ಮುಂದೆ ಹೋಗುತ್ತಿದ್ದಿರಿ. ಶಾಲೆಯಲ್ಲಿ ಇಡೀ ದಿನ ಕೂತಿರುತ್ತಿದ್ದಿರಿ. ಎಲ್ಲಕ್ಕಿಂತ ಹೆಚ್ಚಾಗಿ ಅದು ದಿನವೂ ಮಾಡಿದ ನಡಿಗೆ, ಕಾಲು ಅದಕ್ಕೆ ಪಳಗಿತ್ತು.

ನಿಮ್ಮ ಮೊಮ್ಮಗಳ ಕಾಲು ಪಳಗಿಲ್ಲ. ಅದು ಅವಳ ತಪ್ಪಲ್ಲ. ಇಲ್ಲಿನ ಬಹಳಷ್ಟು ಬಡಾವಣೆಗಳಲ್ಲಿ ಮನೆ ಬಾಗಿಲಿಗೆ ಹಳದಿ ಬಸ್ಸು ಬರುತ್ತದೆ, ಹಾಲು ತರಲಿಕ್ಕೂ ಕಾರು ತೆಗೆಯಬೇಕು. ನೀವೇ ಬಂದ ಮೊದಲ ವಾರ "ಇಲ್ಲಿ ರಸ್ತೇಲಿ ಒಂದು ನರಪಿಳ್ಳೆ ಕಾಣೋಲ್ಲ" ಎಂದು ಬೇಸರಪಟ್ಟುಕೊಂಡಿರುತ್ತೀರಿ. ವರ್ಷವಿಡೀ ಹೀಗೆ ಬೆಳೆದ ಮಗುವನ್ನು ಒಂದು ದಿನ ಏಕಾಏಕಿ ಹನ್ನೆರಡು ಗಂಟೆ ಬಿಸಿಲಿನಲ್ಲಿ ನಡೆಸಿ, ಆ ದಿನವೇ ಅವಳಿಗೆ ಗಟ್ಟಿತನ ಕಲಿಸುತ್ತೇನೆ ಎನ್ನುವುದು ಸರಿಯಲ್ಲ. ನಡಿಗೆ ಕಲಿಸಬೇಕೆಂದಿದ್ದರೆ ಆ ಕೆಲಸಕ್ಕೆ ನಿಮಗಿಂತ ತಕ್ಕವರು ಈ ದೇಶದಲ್ಲಿ ಯಾರೂ ಇಲ್ಲ. ಆರು ತಿಂಗಳು ಇಲ್ಲೇ ಇರುತ್ತೀರಿ. ಸಂಜೆ ಕಾಫಿ ಆದ ಮೇಲೆ ಅವಳ ಕೈ ಹಿಡಿದುಕೊಂಡು ಬಡಾವಣೆ ಸುತ್ತಿ. ಇವತ್ತು ಅಂಚೆಪೆಟ್ಟಿಗೆಗಳ ಸಾಲು ಮುಗಿಯುವವರೆಗೆ, ಮುಂದಿನ ವಾರ ಕೊಳದವರೆಗೆ. ದಾರಿಯಲ್ಲಿ ಕಥೆ ಹೇಳಿ. ಅಪ್ಪ ಅಮ್ಮನಿಗೆ ಲ್ಯಾಪ್‌ಟಾಪ್ ಬಿಟ್ಟು ಏಳಲಾಗದ ಆ ಹೊತ್ತಿನಲ್ಲಿ ನೀವು ಮಾಡಿಸಿದ ನಡಿಗೆ ಅವಳ ಕಾಲಲ್ಲಿ ಉಳಿಯುತ್ತದೆ, ಕನ್ನಡವೂ ನಾಲಗೆಯಲ್ಲಿ ಉಳಿಯುತ್ತದೆ. ಡಿಸ್ನಿಯ ದಿನವನ್ನು ಅದಕ್ಕೆ ಬಳಸಬೇಡಿ.

ನನಗೆ ಬಹಳ ಕಾಲದಿಂದ ಅರ್ಥವಾಗದ ಒಂದು ಸಂಗತಿ ಇದೆ. ನಮ್ಮವರು ಮಕ್ಕಳನ್ನು ಎತ್ತಿಕೊಳ್ಳುವುದರಲ್ಲಿ ಯಾವತ್ತೂ ಜಿಪುಣರಲ್ಲ. ಜಾತ್ರೆಯಲ್ಲಿ ತೇರು ಕಾಣಲಿ ಎಂದು ಏಳು ವರ್ಷದ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ನಿಲ್ಲುವ ಅಪ್ಪಂದಿರನ್ನು ನೋಡಿಕೊಂಡು ಬೆಳೆದವರು ನಾವು. ಮದುವೆ ಮನೆಯಿಂದ ನಡುರಾತ್ರಿ ಬಸ್‌ಸ್ಟ್ಯಾಂಡಿಗೆ ಬರುವಾಗ ನಿದ್ದೆಗೆಟ್ಟ ಮಕ್ಕಳನ್ನು ಚಿಕ್ಕಪ್ಪ, ಸೋದರಮಾವ ಸರದಿಯ ಮೇಲೆ ಉಪ್ಪುಮೂಟೆ ಹೊರುತ್ತಿದ್ದರು. "ಇಷ್ಟು ದೊಡ್ಡವನನ್ನು ಯಾಕೆ ಹೊರುತ್ತೀ" ಎಂದು ಆಗ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ಮಗುವಿಗೆ ಸುಸ್ತಾಗಿದೆ, ಎತ್ತಿಕೊಂಡರು, ಅಷ್ಟೇ. ಅದೇ ಮಗುವನ್ನು ಅದೇ ಪ್ರೀತಿಯಿಂದ ಚಕ್ರದ ಮೇಲೆ ಕೂರಿಸಿ ತಳ್ಳಿದರೆ ಸೋಮಾರಿತನ ಹೇಗಾಗುತ್ತದೆ? ಇಲ್ಲಿ ಸರದಿ ಹಾಕಲು ಚಿಕ್ಕಪ್ಪಂದಿರಿಲ್ಲ. ಅಪ್ಪ ಒಬ್ಬ, ಅಮ್ಮ ಒಬ್ಬಳು. ಅಪ್ಪನಿಗೆ ವರ್ಷವಿಡೀ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡಿರುತ್ತದೆ. ಇಪ್ಪತ್ತು ಕಿಲೋ ಮೀರಿದ ಮಗುವನ್ನು ರಾತ್ರಿ ಹತ್ತು ಗಂಟೆಗೆ ಪಾರ್ಕಿನ ಗೇಟಿನಿಂದ ಕಾರಿನವರೆಗೆ ಅವನೊಬ್ಬನೇ ಹೊರಬೇಕು. ಮಾರನೆಯ ದಿನ ಮತ್ತೆ ಸ್ಟೀರಿಂಗ್ ಹಿಡಿಯಬೇಕು.

ಇವತ್ತು ಎಲ್ಲರೂ ಬಳಸುವ ಹಗುರವಾದ, ಮಡಚುವ ಸ್ಟ್ರೋಲರನ್ನು ಮಾಡಿದವರು ಕೂಡ ಒಬ್ಬ ಅಜ್ಜನೇ. ಓವೆನ್ ಮ್ಯಾಕ್ಲಾರೆನ್ ಎಂದು ಅವರ ಹೆಸರು. ಇಂಗ್ಲೆಂಡಿನಲ್ಲಿ ವಿಮಾನದ ಎಂಜಿನಿಯರ್ ಆಗಿದ್ದವರು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚುವ ಚಕ್ರದ ಕಾಲುಗಳ ಮೇಲೆ ಕೆಲಸ ಮಾಡಿದ್ದವರು. ನಿವೃತ್ತರಾದ ಮೇಲೆ, ಮಗಳು ಮೊಮ್ಮಗುವಿನ ಜೊತೆ ಪ್ರಯಾಣ ಮಾಡುವಾಗ ಭಾರವಾದ ಪ್ರಾಮ್ ಎಳೆದಾಡಿ ಪಡುತ್ತಿದ್ದ ಪಾಡು ನೋಡಿ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಕೊಡೆಯ ಹಾಗೆ ಮಡಚುವ ಗಾಡಿಯನ್ನು ರೂಪಿಸಿದರು. ಮೂರು ಕಿಲೋಕ್ಕಿಂತ ಕಡಿಮೆ ತೂಕ. ಮಗಳ ತೋಳಿನ ಭಾರ ಕಡಿಮೆಯಾಗಲಿ ಎಂದು ಒಬ್ಬ ಅಪ್ಪ ಮಾಡಿದ ಸಾಮಾನು ಅದು. ನಿಮ್ಮ ಮಗಳು ಗ್ಯಾರೇಜಿನಲ್ಲಿ ಧೂಳು ಒರೆಸುತ್ತಿರುವುದೂ ಅದನ್ನೇ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬಾರದು. ನೀವು ಇಲ್ಲಿಗೆ ಬರುವಾಗ ನಿಮ್ಮಲ್ಲಿ ಬಹಳ ಜನಕ್ಕೆ ಮಕ್ಕಳು ವಿಮಾನದ ಟಿಕೆಟ್ಟಿನ ಜೊತೆಯಲ್ಲೇ ವೀಲ್‌ಚೇರ್ ಕೂಡ ಬುಕ್ ಮಾಡಿರುತ್ತಾರೆ. ದೋಹಾ, ದುಬೈ, ಫ್ರಾಂಕ್‌ಫರ್ಟ್ ನಿಲ್ದಾಣಗಳಲ್ಲಿ ಒಬ್ಬರು ಬಂದು ಕೂರಿಸಿಕೊಂಡು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಕರೆದೊಯ್ದರು. ಊರಿನಲ್ಲಿ ನೀವು ದಿನಾ ದೇವಸ್ಥಾನಕ್ಕೆ ನಡೆದೇ ಹೋಗುವವರು, ಮಾರ್ಕೆಟ್ಟಿನಿಂದ ತರಕಾರಿ ಹೊತ್ತು ತರುವವರು. ನಡೆಯಲು ಬಾರದೆ ನೀವು ಅದರಲ್ಲಿ ಕೂರಲಿಲ್ಲ. ದಾರಿ ಉದ್ದ, ರಾತ್ರಿಯ ನಿದ್ದೆ ಇಲ್ಲ, ಜಾಗ ಹೊಸದು, ಕಾಲು ಊದಿಕೊಂಡಿದೆ, ಮುಂದಿನ ವಿಮಾನ ತಪ್ಪಬಾರದು. ಕೂತಿದ್ದು ಸರಿಯಾಗಿಯೇ ಇತ್ತು. ನಿಮ್ಮ ಮಕ್ಕಳೂ ನಿಶ್ಚಿಂತೆಯಾಗಿದ್ದರು. ಏಳು ವರ್ಷದ ಮಗುವಿಗೆ ಒರ್ಲ್ಯಾಂಡೊದಲ್ಲಿ ಬೇಕಾದದ್ದು ಅದೇ ಅನುಕೂಲ. ಮನೆಯಲ್ಲಿ, ಶಾಲೆಯ ಮೈದಾನದಲ್ಲಿ ಅವಳು ಓಡುತ್ತಾಳೆ, ಹತ್ತುತ್ತಾಳೆ, ನೀವು ಹಿಡಿಯಲಾರದಷ್ಟು ಕುಣಿಯುತ್ತಾಳೆ. ಸ್ಟ್ರೋಲರ್ ಅವಳ ವಯಸ್ಸಿಗಾಗಿ ತಂದದ್ದಲ್ಲ, ಆ ದಿನದ ದೂರಕ್ಕಾಗಿ ತಂದದ್ದು.

ಬಾಡಿಗೆಗೆ ಕೊಡುವವರ ಲೆಕ್ಕವೂ ಇದೇ. ಡಿಸ್ನಿ ಪಾರ್ಕುಗಳ ಗೇಟಿನಲ್ಲಿ ಬಾಡಿಗೆಗೆ ಸಿಗುವ ಒಂಟಿ ಸ್ಟ್ರೋಲರಿಗೆ ಅವರು ಸೂಚಿಸುವ ತೂಕದ ಮಿತಿ 50 ಪೌಂಡು, ಅಂದರೆ ಸುಮಾರು 23 ಕಿಲೋ. ಅದು ಏಳು ವರ್ಷದ ಮಗುವಿನ ತೂಕ, ಕೂಸಿನದಲ್ಲ. ಊರಿನಲ್ಲಿ ಸ್ಟ್ರೋಲರ್ ಮುಖವನ್ನೇ ನೋಡದೆ ಬೆಳೆದ ಮಕ್ಕಳೂ ಅಲ್ಲಿ ಅದರಲ್ಲಿ ಕೂತಿರುವುದನ್ನು ಕಾಣುತ್ತೀರಿ. ಬೆಂಗಳೂರಿನಿಂದ ಬಂದಿರುವ ಇನ್ನೊಬ್ಬ ಮೊಮ್ಮಗ ಜೊತೆಗಿದ್ದರಂತೂ ಹಗಲು ರಾತ್ರಿ ಒಂಬತ್ತೂವರೆ ಗಂಟೆ ಅದಲುಬದಲಾಗಿರುತ್ತದೆ. ಮಧ್ಯಾಹ್ನ ಅವನಿಗೆ ನಡುರಾತ್ರಿ. ಅವನು ಹಠ ಮಾಡುತ್ತಿದ್ದಾನೆ ಎಂದುಕೊಳ್ಳಬೇಡಿ, ಕೂತಲ್ಲೇ ನಿದ್ದೆ ಮಾಡಲು ಬಿಡಿ.

ಮಗುವಿನ ಎದುರಿಗೆ ಆಡಬೇಡಿ ಎಂದೆನಲ್ಲ, ಅದು ಯಾಕೆ ಎಂದು ಹೇಳುತ್ತೇನೆ. ದೊಡ್ಡವರಿಗೆ ಆ ಮಾತು ಬಂದು ಹೋಗುವ ಮಾತು. ಮಗು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಜೊತೆ ಬಂದಿದ್ದ ನೆಂಟರೊಬ್ಬರ ಮನೆಯ ಹುಡುಗಿ ಬೆಳಿಗ್ಗೆ ಖುಷಿಯಿಂದ ಹತ್ತಿ ಕೂತಿದ್ದಳು. ಗೇಟಿನ ಹತ್ತಿರ ಅವಳ ಅಜ್ಜಿ ನಗುತ್ತಲೇ "ಅಯ್ಯೋ, ದೊಡ್ಡ ಹುಡುಗಿ ಪಾಪು ಗಾಡೀಲಿ!" ಎಂದರು. ಮಗು ಏನೂ ಹೇಳಲಿಲ್ಲ. ಬೆಲ್ಟು ಬಿಚ್ಚಿ ಇಳಿಯಿತು. ಆ ದಿನ ಮತ್ತೆ ಕೂರಲಿಲ್ಲ. ಖಾಲಿ ಗಾಡಿಯ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ನಡೆಯಿತು. ಸಂಜೆಯ ಹೊತ್ತಿಗೆ ಸ್ಯಾಂಡಲ್ಲಿನ ಪಟ್ಟಿ ಉಜ್ಜಿ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತ್ತು. "ಸುಸ್ತಾಯ್ತಾ, ಕೂತ್ಕೋತೀಯಾ?" ಎಂದು ಅಮ್ಮ ಕೇಳಿದಾಗೆಲ್ಲ "ಇಲ್ಲ" ಎಂದು ತಲೆ ಅಲ್ಲಾಡಿಸುತ್ತಿತ್ತು. ಕತ್ತಲಾದ ಮೇಲೆ ಅಜ್ಜಿಯೇ ಬೇಡಿಕೊಂಡರು: "ಬಾ ಕಂದಾ, ಕೂತ್ಕೋ, ಯಾರೂ ಏನೂ ಅನ್ನಲ್ಲ." ಮಗು ಒಪ್ಪಲಿಲ್ಲ. ಬಾಣಬಿರುಸು ಶುರುವಾಗುವ ಮೊದಲೇ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಮೂರು ತಿಂಗಳಿಂದ ಕಾಯುತ್ತಿದ್ದ ಆ ಕೋಟೆಯ ಬೆಳಕನ್ನು ಅದು ನೋಡಲೇ ಇಲ್ಲ. ಅಜ್ಜಿಗೂ ಅವತ್ತು ಊಟ ಸೇರಲಿಲ್ಲ.

ಮೊಮ್ಮಗಳೇ ನಿಮ್ಮನ್ನು "ಅಜ್ಜೀ, ನಾನು ದೊಡ್ಡವಳಲ್ವಾ, ನಾನ್ಯಾಕೆ ಕೂರಬೇಕು?" ಎಂದು ಕೇಳಿದರೆ "ದಾರಿ ಉದ್ದ ಇದೆ ಪುಟ್ಟಾ, ಕಾಲಿಗೆ ಸ್ವಲ್ಪ ವಿಶ್ರಾಂತಿ ಬೇಡವಾ?" ಎನ್ನಿ, ಸಾಕು. ನಿಮ್ಮ ಬಾಯಿಂದ ಬಂದರೆ ಅವಳು ನಂಬುತ್ತಾಳೆ. ಅವಳು ಇಡೀ ದಿನ ಕೂತೇ ಇರುವುದೂ ಇಲ್ಲ. ಓಡುತ್ತಾಳೆ, ಕುಣಿಯುತ್ತಾಳೆ, ಸುಸ್ತಾದಾಗ ಬಂದು ಹತ್ತುತ್ತಾಳೆ.

ಇನ್ನು ಬೇರೆಯವರ ಮಕ್ಕಳ ವಿಷಯ. ಇದನ್ನು ಓದಿದ ಮೇಲೆ ಉಳಿದದ್ದು ಮರೆತರೂ ಇದೊಂದನ್ನು ಮರೆಯಬೇಡಿ. ನನ್ನ ಗೆಳತಿಯೊಬ್ಬಳ ಮಗನಿಗೆ ಒಂಬತ್ತು ವರ್ಷ. ನೋಡಲು ಲಕ್ಷಣವಾಗಿ, ಗಟ್ಟಿಮುಟ್ಟಾಗಿದ್ದಾನೆ. ಅವನಿಗೆ ಮಕ್ಕಳಲ್ಲಿ ಬರುವ ಸಂಧಿವಾತ. ಬೆಳಿಗ್ಗೆ ಏಳುವಾಗ ಮಂಡಿ, ಕಣಕಾಲು ಬಿಗಿದುಕೊಂಡಿರುತ್ತವೆ. ಬಿಸಿನೀರು, ಔಷಧಿ ಆಗಿ ಹೊತ್ತೇರುತ್ತಿದ್ದಂತೆ ಸಡಿಲವಾಗುತ್ತವೆ. ಆಗ ಓಡಾಡುತ್ತಾನೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಜಾಸ್ತಿ ನಡೆದರೆ ಸಂಜೆಗೆ ಮತ್ತೆ ಊತ. ಎಪ್ಕಾಟಿನಲ್ಲಿ ಅವನನ್ನು ಕೂರಿಸಿಕೊಂಡು ಅವಳು ತಳ್ಳುತ್ತಿದ್ದಾಗ ಪಕ್ಕದಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ತಮ್ಮ ಮನೆಯವರಿಗೆ ಹೇಳಿದರು: "ಕತ್ತೆ ವಯಸ್ಸಾಗಿದೆ, ಗಾಡೀಲಿ ಕೂತಿದಾನೆ ನೋಡು." ಕನ್ನಡದಲ್ಲಿ. ಅಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿರಬೇಕು. ಗೆಳತಿಗೆ ತಿಳಿಯಿತು. ಹುಡುಗನಿಗೂ ತಿಳಿಯಿತು, ಏಕೆಂದರೆ ಆ ಮನೆಯಲ್ಲಿ ಹಟ ಹಿಡಿದು ಕನ್ನಡವನ್ನೇ ಮಾತಾಡುತ್ತಾರೆ. "ಅಮ್ಮ, ಅವರು ನನಗೆ ಹೇಳಿದ್ದಾ?" ಎಂದು ಕೇಳಿದನಂತೆ. ಆ ವಾಕ್ಯವನ್ನು ಅವಳು ನನಗೆ ಹೇಳಿ ವರ್ಷಗಳಾದವು, ನನ್ನ ಕಿವಿಯಿಂದ ಹೋಗಿಲ್ಲ.

ಒರ್ಲ್ಯಾಂಡೊದಲ್ಲಿ ಬೇಸಿಗೆಯಲ್ಲಿ ಹತ್ತು ಹೆಜ್ಜೆಗೊಂದು ನಮ್ಮ ದೇಶದ ಕುಟುಂಬ ಸಿಗುತ್ತದೆ, ಅದರಲ್ಲಿ ಕನ್ನಡದವರೂ ಇರುತ್ತಾರೆ. ಹೊರಗಿನಿಂದ ಕಾಣದ ತೊಂದರೆಗಳು ಮಕ್ಕಳಿಗೆ ಎಷ್ಟೋ ಇರುತ್ತವೆ: ಹೃದಯದ ಶಸ್ತ್ರಚಿಕಿತ್ಸೆ ಆದ ಮಗು, ಆಸ್ತಮಾ ಇರುವ ಮಗು, ಸ್ನಾಯುಗಳಲ್ಲಿ ಬಲವಿಲ್ಲದ ಮಗು. ಆಟಿಸಂ ಇರುವ ಕೆಲವು ಮಕ್ಕಳು ಗದ್ದಲ, ಬೆಳಕು ತಡೆಯಲಾರದೆ ಕೈ ಬಿಡಿಸಿಕೊಂಡು ಓಡಿಬಿಡುತ್ತಾರೆ. ಅಂಥ ಮಗುವಿಗೆ ಸ್ಟ್ರೋಲರಿನ ಹೊದಿಕೆ ಇಳಿಸಿದರೆ ಆ ಜನಜಂಗುಳಿಯ ನಡುವೆ ಒಂದು ಪುಟ್ಟ ಕೋಣೆ ಸಿಕ್ಕಂತಾಗುತ್ತದೆ. ನಡೆಯಲಾರದ ಮಕ್ಕಳ ಸ್ಟ್ರೋಲರನ್ನು ವೀಲ್‌ಚೇರ್ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಚೀಟಿಯನ್ನು ಡಿಸ್ನಿಯವರು ಕೊಡುತ್ತಾರೆ. ಗೆಸ್ಟ್ ರಿಲೇಷನ್ಸ್ ಕಚೇರಿಯಲ್ಲಿ ಕೇಳಿ ಪಡೆಯಬೇಕು. ಅದನ್ನು ಕಟ್ಟಿದ ಗಾಡಿಯನ್ನು ಆಟದ ಸಾಲಿನೊಳಗೂ ತೆಗೆದುಕೊಂಡು ಹೋಗಬಹುದು. ಉಳಿದವರು ಗಾಡಿಯನ್ನು ಹೊರಗೇ ನಿಲ್ಲಿಸಬೇಕು. ಆಟಿಸಂನಂಥ ಕಾರಣಕ್ಕೆ ಮಾಮೂಲು ಸಾಲಿನಲ್ಲಿ ಕಾಯಲಾರದವರಿಗೆ ಇರುವ ವ್ಯವಸ್ಥೆ ಬೇರೆ, ಅದಕ್ಕೆ ಮುಂಚೆಯೇ ವಿಡಿಯೋ ಕರೆಯಲ್ಲಿ ಮಾತಾಡಿ ನೋಂದಾಯಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲೇ ಅಂಥ ಮಗು ಇದ್ದರೆ ಅಪ್ಪ ಅಮ್ಮ ಇದನ್ನೆಲ್ಲ ಓದಿ, ಕಾಗದಪತ್ರ ಹೊಂದಿಸಿಕೊಂಡೇ ಹೊರಟಿರುತ್ತಾರೆ. "ಇದೆಲ್ಲ ಯಾಕೆ, ಎಲ್ಲರ ಹಾಗೆ ಹೋಗೋಣ" ಎಂದು ಅವರನ್ನು ತಡೆಯಬೇಡಿ.

ಸ್ಟ್ರೋಲರ್ ತಳ್ಳುವವರ ಮೇಲೆ ದೂರು ಇಲ್ಲವೇ ಎಂದರೆ ಇದೆ, ನ್ಯಾಯವಾದದ್ದೇ. ಫೋನು ನೋಡುತ್ತಾ ತಳ್ಳಿ ಮುಂದಿನವರ ಹಿಮ್ಮಡಿಗೆ ಗುದ್ದುತ್ತಾರೆ. ಮೆರವಣಿಗೆ ಬರುವಾಗ ಅಡ್ಡ ನಿಲ್ಲಿಸಿ ಹಿಂದಿನ ಮಕ್ಕಳಿಗೆ ಏನೂ ಕಾಣದ ಹಾಗೆ ಮಾಡುತ್ತಾರೆ. ಬಂಡಿಯಂಥ ದೊಡ್ಡ ದೊಡ್ಡ ವ್ಯಾಗನ್ ತರುವವರೂ ಇದ್ದರು. 2019ರ ಮೇ ತಿಂಗಳಿಂದ ಅದಕ್ಕೆ ಅವಕಾಶವಿಲ್ಲ. 31 ಇಂಚಿಗಿಂತ ಅಗಲ, 52 ಇಂಚಿಗಿಂತ ಉದ್ದ ಇರುವ ಸ್ಟ್ರೋಲರನ್ನು ಅಂದಿನಿಂದ ಒಳಗೆ ಬಿಡುವುದಿಲ್ಲ. ಅದು ಒಳ್ಳೆಯದೇ ಆಯಿತು. ತಳ್ಳುವವರು ನೋಡಿಕೊಂಡು ತಳ್ಳಬೇಕು. ಕೂತ ಮಗುವನ್ನು ದೂರುವುದಕ್ಕೆ ಅದು ಕಾರಣವಲ್ಲ.

ನಿಮಗೆ ಆ ದಿನ ಉಪಯೋಗಕ್ಕೆ ಬರುವ ಕೆಲವು ಮಾತು ಹೇಳಿಬಿಡುತ್ತೇನೆ. ಸ್ಟ್ರೋಲರ್ ಜೊತೆ ಹೆಚ್ಚು ಹೊತ್ತು ಇರುವವರು ನೀವೇ ಆಗಿರುತ್ತೀರಿ. ಅಪ್ಪ ಅಮ್ಮ ಮಗುವನ್ನು ಕರೆದುಕೊಂಡು ಸ್ಪೇಸ್ ಮೌಂಟನ್ ಎಂಬ ಆಟ ಹತ್ತಲು ಹೋಗುತ್ತಾರೆ (ಅದಕ್ಕೆ 44 ಇಂಚು ಎತ್ತರ ಇರಬೇಕು, ಏಳು ವರ್ಷದವರು ಸಾಮಾನ್ಯವಾಗಿ ದಾಟಿರುತ್ತಾರೆ), ನೀವು ನೆರಳಿನ ಬೆಂಚು ಹಿಡಿದು ಕೂರುತ್ತೀರಿ. ಗಾಡಿ ನಿಲ್ಲಿಸುವ ಜಾಗದಲ್ಲಿ ನೂರಾರು ಗಾಡಿಗಳು ಸಾಲಾಗಿ ನಿಂತಿರುತ್ತವೆ, ಎಲ್ಲವೂ ಕಪ್ಪು ಇಲ್ಲವೇ ಬೂದು. ಜಾಗ ಸಾಲದಾದಾಗ ಅಲ್ಲಿನ ಕೆಲಸಗಾರರು ಅವುಗಳನ್ನು ಸರಿಸಿ ಬೇರೆ ಸಾಲಿಗೆ ಜೋಡಿಸುತ್ತಾರೆ. ಇಟ್ಟಲ್ಲಿ ಇಲ್ಲ ಎಂದು ಗಾಬರಿಯಾಗಬೇಡಿ, ಕಳುವಾಗಿದೆ ಎಂದು ಗಲಾಟೆ ಮಾಡಬೇಡಿ. ಹಿಡಿಗೆ ಒಂದು ಅರಿಸಿನ ಬಣ್ಣದ ಬಟ್ಟೆ ಕಟ್ಟಿಡಿ, ದೂರದಿಂದಲೇ ಗುರುತು ಸಿಗುತ್ತದೆ. ಪಾಸ್‌ಪೋರ್ಟು, ದುಡ್ಡು, ಬಿಪಿ ಶುಗರ್ ಗುಳಿಗೆ ಅದರಲ್ಲಿ ಬಿಡಬೇಡಿ, ಹೆಗಲ ಚೀಲದಲ್ಲೇ ಇರಲಿ. ಚಪಾತಿ, ಪುಳಿಯೋಗರೆ, ಚಕ್ಕುಲಿ ಡಬ್ಬಿಗಳನ್ನು ಧಾರಾಳವಾಗಿ ತರಬಹುದು. ಹೊರಗಿನ ತಿಂಡಿಗೆ ಡಿಸ್ನಿಯಲ್ಲಿ ತಡೆಯಿಲ್ಲ, ಗಾಜಿನ ಡಬ್ಬಿ ಮಾತ್ರ ಬೇಡ. ಗಾಡಿಯ ಕೆಳಗಿನ ಬುಟ್ಟಿ ಅದಕ್ಕೆಂದೇ ಇದೆ. ಕೌಂಟರಿನಲ್ಲಿ ಊಟ ಕೊಡುವ ಕಡೆ ಕೇಳಿದರೆ ಒಂದು ಲೋಟ ತಣ್ಣೀರು ಪುಕ್ಕಟೆ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಡಿಸ್ನಿಯ ಬಸ್ಸು ಹತ್ತುವಾಗ ಸ್ಟ್ರೋಲರನ್ನು ಮಡಚಬೇಕು, ಮಗು ನಿದ್ದೆಯಲ್ಲಿದ್ದರೆ ಎತ್ತಿಕೊಳ್ಳಲು ಒಬ್ಬರು, ಮಡಚಲು ಒಬ್ಬರು ಬೇಕು. ಮಾನೋರೈಲಿನಲ್ಲಿ ಹಾಗೆಯೇ ತಳ್ಳಿಕೊಂಡು ಹೋಗಬಹುದು. ಗೇಟಿನಲ್ಲಿ ಬಾಡಿಗೆಗೆ ತೆಗೆದುಕೊಂಡದ್ದಾದರೆ ಪಾರ್ಕಿನ ಹೊರಗೆ ಒಯ್ಯುವಂತಿಲ್ಲ. ದಿನದಲ್ಲಿ ಅತಿ ಕಷ್ಟದ ನಡಿಗೆ ರಾತ್ರಿ ಕಾರಿನವರೆಗಿನದೇ, ಹಾಗಾಗಿ ಮನೆಯದನ್ನೇ ತನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕೊನೆಯದಾಗಿ ನಿಮ್ಮದೇ ವಿಷಯ. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಒಪ್ಪಿಕೊಂಡವರು ಪಾರ್ಕಿನಲ್ಲಿ ಮಾತ್ರ "ನನಗೇನಾಗಿದೆ, ನಡೀತೀನಿ" ಎನ್ನುತ್ತೀರಿ. ಮಂಡಿ ನೋವನ್ನು ಯಾರಿಗೂ ಹೇಳದೆ, ಮಕ್ಕಳ ಖುಷಿ ಕೆಡಬಾರದು ಎಂದು ಹಲ್ಲು ಕಚ್ಚಿಕೊಂಡು ನಡೆದು, ಮರುದಿನ ಹೋಟೆಲಿನ ಕೋಣೆಯಲ್ಲೇ ಉಳಿದುಬಿಡುತ್ತೀರಿ. ಅನಿಮಲ್ ಕಿಂಗ್‌ಡಮ್‌ನಲ್ಲಿ ಆನಂದಪುರ ಎಂದು ನಮ್ಮ ಕಡೆಯ ಊರಿನ ಹಾಗೆ ಕಟ್ಟಿದ ಒಂದು ಭಾಗವಿದೆ, ಹುಲಿಗಳಿವೆ. ಅದನ್ನು ನಿಮ್ಮ ಜೊತೆ ನೋಡಬೇಕೆಂದು ಮಕ್ಕಳು ಆಸೆಪಟ್ಟಿರುತ್ತಾರೆ. ಪ್ರತಿ ಪಾರ್ಕಿನ ಗೇಟಿನ ಹತ್ತಿರವೂ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ, ಕರೆಂಟಿನಿಂದ ಓಡುವ ಗಾಡಿಯೂ ಸಿಗುತ್ತದೆ. ರಜೆಯ ದಿನಗಳಲ್ಲಿ ಬೇಗ ಖಾಲಿಯಾಗುತ್ತವೆ, ಆದ್ದರಿಂದ ಒಳಗೆ ಹೋದ ತಕ್ಷಣವೇ ತೆಗೆದುಕೊಳ್ಳಬೇಕು. ಗೇಟಿನಲ್ಲಿ ಮಗ "ಅಪ್ಪಾ, ಒಂದು ತಗೊಳ್ಳೋಣವಾ?" ಎಂದು ಕೇಳಿದರೆ ಹೂಂ ಎನ್ನಿ.

ಇಂತಿ ನಮಸ್ಕಾರಗಳು,
ನಿಮ್ಮ ಮಗಳ ಸಮಾನಳು